ಪಾಚಿಪರಿಪಾಲಕಿ ನೀಲಗಂಗೆಯ ಸಹಿವಿಜಯ

ಹೇ ಟಿಪ್ಪಣಿವಾಸಿನಿಯೇ, ಕೆಂಪುದಾರವಿಭೂಷಿತೆಯೇ, ಮೂರು ಪ್ರತಿಗಳಿಗೆ ಮುಖ ತಿರುಗಿಸಿ ನಾಲ್ಕನೆಯದಕ್ಕೆ ಮಾತ್ರ ಪ್ರಸನ್ನಳಾಗುವ ಕಡತದೇವಿಯೇ, ಈ ಬಡ ಕಥೆಗಾರನ ನಾಲಿಗೆಯ ಮೇಲೆ ಒಂದು ಗಳಿಗೆ ಕೂತು ಹೋಗು ತಾಯೀ! ಜ್ಞಾನವು ಅನುದಾನದಿಂದಲೂ, ಅನುದಾನವು ಪ್ರಸ್ತಾವನೆಯಿಂದಲೂ, ಪ್ರಸ್ತಾವನೆಯು ಸಹಿಯಿಂದಲೂ ಹುಟ್ಟುತ್ತಿದ್ದ ಆ ಮಹಾಯುಗದಲ್ಲಿ, ಎರೆಮಣ್ಣಿನ ನಾಡಿನ ಗುಡ್ಡವೊಂದರ ನೆತ್ತಿಯ ಮೇಲೆ ರಾರಾಜಿಸುತ್ತಿದ್ದ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ, ನೂರೆಪ್ಪತ್ತು ಬಾಟಲಿಗಳ ಒಡತಿಯೂ ಪಾಳುಬಾವಿಗಳ ಪಾಚಿಕುಲಕ್ಕೆ ಪರಮಾಶ್ರಯದಾತೆಯೂ ಆದ ಡಾಕ್ಟರ್ ನೀಲಗಂಗಾ ಬಾದವಾಡಗಿ ಎಂಬ ವೀರವನಿತೆಯಿದ್ದಳು.

ಅವಳ ಸಂಕಟವನ್ನು ಕೇಳಿ. ಒಂಬತ್ತು ವರ್ಷ ಕಂಡಕಂಡ ಬಾವಿಯ ಮೆಟ್ಟಿಲುಗಳನ್ನು ಚಮಚದಿಂದ ಕೆರೆದು ತಂದ ಪಾಚಿ ಅವಳ ಪ್ರಯೋಗಾಲಯದ ಕಿಟಕಿಯ ಬೆಳಕಿನಲ್ಲಿ ಹಸಿರಾಗಿ ಉಸಿರಾಡುತ್ತಿತ್ತು. ಆ ಕೋಣೆಯ ಮೇಲೆ ಪರೀಕ್ಷಾ ವಿಭಾಗದ ಕಣ್ಣು ಬಿತ್ತು ನೋಡಿ! ಸಂಶೋಧನಾ ಅನುದಾನಕ್ಕೆ ಈ ಸಲ ಪ್ರಸ್ತಾವನೆ ಸಲ್ಲಿಸದವರ ಕೋಣೆಗಳಲ್ಲಿ ಹಳೆಯ ಉತ್ತರಪತ್ರಿಕೆಗಳ ಗಂಟು ಪೇರಿಸತಕ್ಕದ್ದೆಂದು ಸುತ್ತೋಲೆ ಹೊರಟಿತು. ಕಿಟಕಿ ಮುಚ್ಚಿತೆಂದರೆ ವಾರದೊಳಗೆ ಪಾಚಿ ಸತ್ತಂತೆಯೇ. ಸಲ್ಲಿಕೆಗೆ ಅಂದೇ ಕಡೆಯ ದಿನ, ಸಂಜೆ ಐದು ಗಂಟೆಯೇ ಗಡುವು. ಮಧ್ಯಾಹ್ನ ಅವಳ ಡಬ್ಬಿಯ ರೊಟ್ಟಿ ಡಬ್ಬಿಯಲ್ಲಿಯೇ ಉಳಿಯಿತು.

ಮೂರು ಗಂಟೆಗೆ ಅವಳು ಪ್ರಸ್ತಾವನೆಯ ನಾಲ್ಕು ಪ್ರತಿಗಳನ್ನು ಎದೆಗವಚಿಕೊಂಡು ರಣರಂಗವನ್ನು ಹೊಕ್ಕಳು. ತಿರುಗುಕುರ್ಚಿಯ ಸಾರ್ವಭೌಮನೂ ವಿಭಾಗದ ಮುಖ್ಯಸ್ಥನೂ ಆದ ಪ್ರೊಫೆಸರ್ ಶಂಭುಲಿಂಗ ಕೋಟೂರ ಪುಟ ತಿರುವಿದನು, ತಲೆದೂಗಿದನು, ಲೇಖನಿಯ ಮುಚ್ಚಳವನ್ನೂ ತೆಗೆದನು. ಆಮೇಲೆ ಅದನ್ನು ಹಾಗೆಯೇ ಮುಚ್ಚಿದನು.

"ಕೆಲಸ ಭಾಳ ಛಲೋ ಅದ ಮೇಡಮ್ಮಾರ. ಆದ್ರ ಆಫೀಸಿನವರು ಕಾಗದ ನೋಡೇವಿ ಅಂತ ಸಣ್ಣ ಸಹಿ ಹಾಕಬೇಕು. ಅದು ಬೀಳದ ನಾ ದೊಡ್ಡ ಸಹಿ ಹಾಕಾಂವ ಅಲ್ಲ ನೋಡ್ರಿ."

ಅವನ ಕೊಠಡಿಗೂ ಕಚೇರಿಗೂ ನಡುವೆ ಇದ್ದದ್ದು ಒಂದೇ ಬಾಗಿಲು. ಹೊಸ್ತಿಲು ದಾಟಿದರೆ ಅಲ್ಲಿ ರಬ್ಬರ್‌ಮುದ್ರಾಯುಧಧಾರಿಯೂ ನಿಯಮಾವಳಿಕಂಠಪಾಠನಿಪುಣನೂ ಆದ ಅಧೀಕ್ಷಕ ಅಡಿವೆಪ್ಪ ಹುಲಕೋಟಿ.

"ಸಾಹೇಬ್ರ ದೊಡ್ಡ ಸಹಿ ಎಲ್ಲೈತ್ರಿ?" ಎಂದನು ಅಡಿವೆಪ್ಪ. "ಮೊದಲ ಅವರು, ಆಮ್ಯಾಲ ನಾವು."

"ಅವರು ಮೊದಲ ನೀವು ಅಂತಾರಲ್ರೀ!"

"ಅವರು ಅಂತಾರ್ರಿ. ಅನ್ನಾಕೇನ್."

ಇಬ್ಬರೂ ಒಬ್ಬರ ಮಾತು ಒಬ್ಬರಿಗೆ ಕೇಳುವಷ್ಟು ಹತ್ತಿರವಿದ್ದರು. ಇಬ್ಬರೂ ಕೇಳದವರಂತೆ ಕೂತಿದ್ದರು. ನೀಲಗಂಗೆ ಆ ಹೊಸ್ತಿಲನ್ನು ಏಳು ಸಲ ದಾಟಿದಳು. ಏಳನೆಯ ಸಲ ಅವಳ ಕಣ್ಣು ಕೆಂಪೇರಿತು. "ಎಲವೋ ಕಡತಪಂಜರಬದ್ಧನೇ! ಬಾವಿಯ ತಳಕ್ಕಿಳಿದು ಹಾವು ಚೇಳುಗಳನ್ನು ಲೆಕ್ಕಿಸದೆ ಪಾಚಿಯನ್ನು ಗೆದ್ದು ತಂದ ಈ ಭುಜಗಳನ್ನು ನೋಡು! ನಿನ್ನ ಎರಡಕ್ಷರದ ಸಹಿಗೆ ನಾನು ಹೆದರುವವಳೇ?" ಎಂದು ಗರ್ಜಿಸಿದಳು, ಮನಸ್ಸಿನೊಳಗೆ. ಬಾಯಿಂದ ಹೊರಬಿದ್ದದ್ದು ಇಷ್ಟೇ:

"ಅಡಿವೆಪ್ಪನವರ, ನಿಮಗ ಕೈ ಮುಗೀತೀನ್ರಿ."

ಅಡಿವೆಪ್ಪನಾದರೋ ಮನಸ್ಸಿನಲ್ಲಿ ಇಟ್ಟುಕೊಳ್ಳುವ ಆಸಾಮಿಯಲ್ಲ. ಎದ್ದು ನಿಂತು, ಅಂಗಿಯ ಜೇಬು ಸರಿಪಡಿಸಿಕೊಂಡು, "ಇಪ್ಪತ್ತೊಂಬತ್ತು ವರ್ಷ ಸರ್ವಿಸ್ ಆತ್ರಿ ಮೇಡಮ್ಮಾರ! ಆರು ಮಂದಿ ಮುಖ್ಯಸ್ಥರು ಬಂದ್ರು, ಹೋದ್ರು. ಯಾರೊಬ್ಬರಿಗಿಂತನೂ ಮೊದಲ ಈ ಅಡಿವೆಪ್ಪ ಪೆನ್ನು ಮುಟ್ಟಿಲ್ಲ. ಕುಲಪತಿಗಳ ಬಂದು ನಿಂತ್ರೂ ಅಷ್ಟ!" ಎಂದನು. ಒಳಕೋಣೆಯಿಂದ ಕೋಟೂರನ ಕೆಮ್ಮು ಕೇಳಿಸಿತು. ಅದೂ ಒಂದು ಪ್ರತಿಜ್ಞೆಯೇ.

ಗಡಿಯಾರ ನಾಲ್ಕೂ ಇಪ್ಪತ್ತು ತೋರಿಸುತ್ತಿತ್ತು. ಅವಳಿಗೆ ಅಳು ಬಂತು, ಅಳುವುದಕ್ಕೂ ಪುರಸೊತ್ತಿರಲಿಲ್ಲ. ಮೂಲೆಯಲ್ಲಿದ್ದ ನೀರಿನ ಕೊಡವನ್ನು ಕೆಳಗಿಳಿಸಿ, ಅದರಡಿಯ ಸ್ಟೂಲನ್ನು ಎತ್ತಿ ತಂದು ದಡಕ್ಕನೆ ಹೊಸ್ತಿಲ ಮೇಲೆ ಇಟ್ಟಳು. ಎರಡು ಕಾಲು ಕಚೇರಿಯಲ್ಲಿ, ಎರಡು ಕಾಲು ಮುಖ್ಯಸ್ಥನ ಕೊಠಡಿಯಲ್ಲಿ.

"ಇಬ್ಬರೂ ಬರ್ರಿ ಇಲ್ಲಿ!" ಎಂದಳು. "ಯಾರೂ ಮೊದಲ ಹಾಕೂದು ಬ್ಯಾಡ, ಯಾರೂ ಆಮ್ಯಾಲ ಹಾಕೂದು ಬ್ಯಾಡ. ನಾ ಮೂರು ಅಂದ ಕೂಡಲೇ ಇಬ್ಬರೂ ಕೂಡೇ ಹಾಕ್ರಿ."

ದಿಕ್ಕುಗಳು ಸ್ತಬ್ಧವಾದವು. ಫ್ಯಾನೂ ನಿಂತಿತು, ಅದಕ್ಕೆ ಕಾರಣ ಕರೆಂಟು.

"ಇದಕ್ಕ ನಿಯಮದಾಗ ಅಡ್ಡಿ ಅದ ಏನ್ರಿ ಅಡಿವೆಪ್ಪ?" ಎಂದನು ಕೋಟೂರ, ಆ ದಿನ ಮೊದಲ ಬಾರಿಗೆ ಅವನೊಡನೆ ಮಾತಾಡುತ್ತ.

ಅಡಿವೆಪ್ಪ ಕಣ್ಮುಚ್ಚಿ ಸಮಸ್ತ ನಿಯಮಾವಳಿಯನ್ನು ಮನಸ್ಸಿನಲ್ಲಿಯೇ ಓದಿ ಮುಗಿಸಿದನು. "ಹಾಕಬಹುದು ಅಂತ ಬರದಿಲ್ರಿ ಸರ. ಹಾಕಬಾರದು ಅಂತನೂ ಬರದಿಲ್ಲ."

"ಒಂದು! ಎರಡು! ಮೂರು!"

ಎರಡು ಲೇಖನಿಗಳು ಒಂದೇ ಹಾಳೆಯ ಮೇಲೆ ಎರಗಿದವು. ಮೊಣಕೈಗೆ ಮೊಣಕೈ ತಾಗಿತು, ಕನ್ನಡಕಕ್ಕೆ ಹಣೆ ಬಡಿಯಿತು. ಮೂರನೆಯ ಪ್ರತಿಯಲ್ಲಿ ಕೋಟೂರ ಕೈ ತಡೆದು, "ನೀವು ಒಂದು ಗೀಟು ಮೊದಲ ಎಳದ್ರಿ!" ಎಂದು ಕೂಗಿದನು. "ಇಲ್ರಿ ಸರ, ದೇವರಾಣಿ, ಬರೇ ಊರಿ ಹಿಡಿದಿದ್ದೆ!" ಎಂದು ಅಡಿವೆಪ್ಪ ಗಾಬರಿಯಾದನು. ನೀಲಗಂಗೆ ಇಬ್ಬರನ್ನೂ ಶಾಲೆಯ ಟೀಚರಂತೆ ಗದರಿ ನಾಲ್ಕನೆಯದನ್ನೂ ಮುಗಿಸಿದಳು. ಸಹಿಗಳ ಶಾಯಿ ಆರುವ ಮುನ್ನವೇ ಮೈದಾನವನ್ನು ಅಡ್ಡಹಾಯ್ದು ಓಡಿ, ಸಂಶೋಧನಾ ಶಾಖೆಯ ಕಿಟಕಿಯಲ್ಲಿ ಪ್ರತಿಗಳನ್ನು ನೂಕಿದಾಗ ಗಂಟೆ ನಾಲ್ಕೂ ಐವತ್ತೆರಡು. ಸ್ವೀಕೃತಿಯ ಮುದ್ರೆ ಢಬ್ಬೆಂದು ಬಿತ್ತು. ಗೆದ್ದಳು! ಮನೆಗೆ ಹೋಗಿ ಎರಡು ದಿನದ ಹಸಿವೆಯೆಂಬಂತೆ ಉಂಡಳು.

ಮರುದಿನ ಬೆಳಿಗ್ಗೆ ಅವಳ ಪ್ರಯೋಗಾಲಯದ ಕಪಾಟುಗಳು ಹೊರಗಿದ್ದವು, ಬಾಟಲಿಗಳು ನೆಲದ ಮೇಲಿದ್ದವು. ಒಳಗೆ ಕಾಗದದ ಗಂಟುಗಳನ್ನು ಹೊತ್ತ ಮೂರು ತಳ್ಳುಗಾಡಿಗಳು, ಅವುಗಳ ಪಕ್ಕದಲ್ಲಿ ಅಡಿವೆಪ್ಪ.

"ಏನ್ರೀ ಇದು? ಪ್ರಸ್ತಾವನೆ ಹಾಕದವರ ಕೋಣ್ಯಾಗಷ್ಟ ಉತ್ತರಪತ್ರಿಕೆ ಇಡಬೇಕು ಅಂತ ಸುತ್ತೋಲೆದಾಗ ಅದ ಅಲ್ರೀ!" ಎಂದು ಅವಳು ಕಿರುಚಿದಳು.

"ಛೇ ಛೇ, ಉತ್ತರಪತ್ರಿಕೆ ಅಲ್ರಿ ಮೇಡಮ್ಮಾರ. ಪರೀಕ್ಷಾ ವಿಭಾಗದವರಿಗೆ ಆಗೂದಿಲ್ಲ ಅಂತ ಖಡಾಖಂಡಿತ ಹೇಳೇವಿ. ಇವು ನಿನ್ನೆ ಬಂದ ಪ್ರಸ್ತಾವನೆಗಳ್ರಿ. ತಮ್ಮ ತಮ್ಮ ಕೋಣಿ ಉಳಿಸಿಕೊಳ್ಳಾಕ ಎಲ್ಲಾರೂ ಹಾಕ್ಯಾರ. ಸಮಿತಿ ಕೂಡೂತನಾ ಎಲ್ಲೆರ ಇಡಬೇಕಲ್ಲ?"

"ಸಮಿತಿ ಯಾವಾಗ ಕೂಡತದ?"

"ಹೋದ ವರ್ಷದ್ದು ಇನ್ನೂ ಕೂಡಿಲ್ರಿ."

ನೀಲಗಂಗೆ ಸೆರಗು ಸಿಕ್ಕಿಸಿ, ಗಂಟುಗಳನ್ನು ಒಂದೊಂದಾಗಿ ಎತ್ತಿ ಕಿಟಕಿಯ ಬುಡದಲ್ಲಿ ಪೇರಿಸತೊಡಗಿದಳು. ಭೌತಶಾಸ್ತ್ರದವರು ಕೆಳಗೆ, ಇತಿಹಾಸದವರು ಅವರ ಮೇಲೆ, ತನ್ನ ನಾಲ್ಕು ಪ್ರತಿ ಎಲ್ಲಕ್ಕಿಂತ ಮೇಲೆ. ಕಟ್ಟೆ ಸರಿಯಾಗಿ ಬಿಸಿಲಿನ ಮಟ್ಟಕ್ಕೆ ಬಂತು. ಅದರ ಮೇಲೆ ಬಾಟಲಿಗಳನ್ನು ಸಾಲಾಗಿ ಜೋಡಿಸಿ ಬೆರಳಿಂದ ತಟ್ಟಿ ನೋಡಿದಳು, ಒಂದೂ ಅಲುಗಲಿಲ್ಲ.

ಅಡಿವೆಪ್ಪ ಹತ್ತಿರ ಬಂದು ತಾನೂ ಒಮ್ಮೆ ಒತ್ತಿ ನೋಡಿ ಮೆಚ್ಚಿಕೊಂಡನು. "ಗಟ್ಟಿ ಐತ್ರಿ ಮೇಡಮ್ಮಾರ, ನಿಮ್ಮ ಪ್ರಸ್ತಾವನೆ."