ಹಿಂದಿನ ಎಡಸೀಟು

ಕಾರು ಬಲಕ್ಕೆ ಎಳೆಯುತ್ತಿತ್ತು. ಮನೆ ಮುಂದಿನ ಇಳಿಜಾರು ದಾಟುವುದರೊಳಗೆ ಜವರಯ್ಯನಿಗೆ ಅದು ಗೊತ್ತಾಗಿಹೋಯಿತು. ಸ್ಟೇರಿಂಗ್ ಒಂಚೂರು ಸಡಿಲ ಬಿಟ್ಟರೆ ಸಾಕು, ಪಕ್ಕದ ಗದ್ದೆಯ ಹಸಿರು ಕಂಡ ದನದಂತೆ ಕಾರು ಎದುರು ಬರುವ ಲಾರಿಗಳ ಕಡೆ ಮೂತಿ ತಿರುಗಿಸುತ್ತಿತ್ತು.

ಹಿಂದಿನ ಎಡಸೀಟಿನಲ್ಲಿ ಅವನ ಹೆಂಡತಿ ಮರಿಯಮ್ಮ ಹೊಸ ಸೀರೆ ಉಟ್ಟು, ತಮ್ಮನ ಗೃಹಪ್ರವೇಶಕ್ಕೆಂದು ಕೊಂಡ ಸ್ಟೀಲ್ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮದುವೆಯಾದಾಗಿನಿಂದ ಅವಳು ತವರೂರು ವಸ್ತಾರೆಗೆ ಬಸ್ಸಿನಲ್ಲಿ ಜೋತುಬಿದ್ದೋ, ಆಳುಗಳನ್ನು ತುಂಬುವ ಪಿಕಪ್ಪಿನ ಹಿಂದೆ ನಿಂತೋ ಹೋದವಳು. ಒಮ್ಮೆಯಾದರೂ ಸ್ವಂತ ಕಾರಿನಿಂದ ತಮ್ಮನ ಅಂಗಳದಲ್ಲಿ ಇಳಿಯಬೇಕು ಎಂಬುದು ಅವಳ ಆಸೆ. ಇಳಿಸುತ್ತೇನೆ ಎಂದು ಜವರಯ್ಯ ಮಾತು ಕೊಟ್ಟಿದ್ದ. ಅದಕ್ಕಾಗಿಯೇ, ತಾನು ಆಯುಷ್ಯವೆಲ್ಲ ಟ್ರ್ಯಾಕ್ಟರ್ ಓಡಿಸಿದ ಎಸ್ಟೇಟಿನ ಸಾಹುಕಾರ ಜಯದೇವಪ್ಪನವರ ಹಳೆಯ ಪುಟ್ಟ ಬಿಳಿ ಕಾರನ್ನು ಕೊಂಡಿದ್ದ.

ಹಿಂದಿನ ಗಾಜಿನ ಮೇಲೆ ಎಸ್ಟೇಟಿನ ಹೆಸರು ಅಂಟಿಸಿದ್ದರು. ಜವರಯ್ಯ ಬ್ಲೇಡು ಹಿಡಿದು ಕೆರೆದು ತೆಗೆದಿದ್ದ. ಉಳಿದ ಗೋಂದಿಗೆ ಧೂಳು ಕೂತು ಹೆಸರು ಮೊದಲಿಗಿಂತ ದಪ್ಪಗೆ ಮೂಡಿತ್ತು.

ತಿರುವಿನಲ್ಲಿ ಹಾರನ್ ಹೊಡೆದ. ರಸ್ತೆಬದಿಯ ತೋಟದಲ್ಲಿ ಹರಟುತ್ತಿದ್ದ ಹೆಂಗಸರು ಬಾಯಲ್ಲಿದ್ದ ಎಲೆಅಡಿಕೆ ಉಗಿದು, ಒಟ್ಟಿಗೇ ಕಾಫಿ ಗಿಡಕ್ಕೆ ಮುಖ ಹಾಕಿ ಹಣ್ಣು ಕುಯ್ಯತೊಡಗಿದರು. ಕಾರು ಹತ್ತಿರ ಬಂದಾಗ ಪಕ್ಕದ ಮನೆಯ ದಿವ್ಯಾ ಕತ್ತೆತ್ತಿ ನೋಡಿದಳು.

"ಥೂ, ಜವರಣ್ಣನಾ. ಬಾಯಿ ತುಂಬ ಇದ್ದ ಎಲೆ ಹಾಳಾಯ್ತಲ್ಲ. ಆ ಹಾರನ್ ಬದಲಾಯ್ಸಣ್ಣ. ಅದು ಕೇಳಿದ್ರೆ ಕೈ ತಾನಾಗಿ ಗಿಡಕ್ಕೆ ಹೋಗ್ತದೆ."

"ಕಾರು ನಂದು ಕಣೇ ಈಗ."

"ಕಾರು ನಿಂದೇ ಇರ್ಬೋದು. ಹಾರನ್ ಅವ್ರದ್ದೇ."

ಕೊಟ್ಟಿಗೆಹಾರದಲ್ಲಿ ಇಜಾಜನ ಗ್ಯಾರೇಜಿಗೆ ಕಾರು ತಿರುಗಿಸಿದ. ಕೊಳ್ಳುವ ಮೊದಲು ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಮೂಸಿ, ಅಡಿಯಲ್ಲಿ ಮಲಗಿ ತುಕ್ಕು ಕೆರೆದು, "ಕಣ್ಮುಚ್ಕೊಂಡು ತಗೊಳ್ಳಿ" ಎಂದವನು ಇಜಾಜನೇ. ಈಗ ಅವನು ಹಿಂದಿನ ಚಕ್ರದ ಬಳಿ ಕೂತು ಒಳಗೆ ಟಾರ್ಚು ಬಿಟ್ಟು, ಹೆಣ ನೋಡಿದವನಂತೆ ಲೊಚಗುಟ್ಟಿದ.

"ಆವತ್ತು ಓಡ್ಸಿ ನೋಡ್ದಾಗ ನೆಟ್ಟಗೇ ಹೋಯ್ತಲ್ಲೋ," ಎಂದ ಜವರಯ್ಯ.

"ಹೋಯ್ತು. ಆವತ್ತು ಹಿಂದೆ ಯಾರು ಕೂತಿದ್ರು?"

"ಸಾಹುಕಾರ್ರು."

"ಎಲ್ಲಿ?"

"ಅವ್ರ ಜಾಗದಲ್ಲಿ. ಎಡಗಡೆ."

"ಅದೇ ನೋಡಿ. ಅವ್ರ ಭಾರಕ್ಕೆ ಅಂತ್ಲೇ ಎಡಗಡೆ ಮಾತ್ರ ದಪ್ಪ ಸ್ಪ್ರಿಂಗ್ ಹಾಕ್ಸಿದಾರೆ. ಅವ್ರು ಕೂತ್ರೆ ಗಾಡಿ ಸಮ. ಇಲ್ದಿದ್ರೆ ಎಡಗಡೆ ಎತ್ಕೊಂಡು ಬಲಕ್ಕೆ ಎಳೀತದೆ."

"ಆವತ್ತೇ ಹೇಳೋದಲ್ವೇನೋ, ಇಳೀರಿ, ಖಾಲಿ ಓಡ್ಸಿ ನೋಡ್ತೀವಿ ಅಂತ?"

"ನೀವ್ಯಾಕೆ ಹೇಳ್ಲಿಲ್ಲ?"

ಮಾರುವವನನ್ನು ಇಳಿಸಿ ಕಾರು ಪರೀಕ್ಷಿಸಬೇಕೆಂಬ ಬುದ್ಧಿ ಇಬ್ಬರಿಗೂ ಇತ್ತು. ಇಳೀರಿ ಎಂಬ ಮಾತು ಮಾತ್ರ ನಾಲಿಗೆಗೆ ಅಭ್ಯಾಸವಿರಲಿಲ್ಲ.

"ಸ್ಪ್ರಿಂಗ್ ಹಾಸನದಿಂದ ತರಿಸ್ಬೇಕು. ಅಲ್ಲೀವರೆಗೆ ಆ ಸೀಟಲ್ಲಿ ಏನಾದ್ರೂ ಭಾರ ಇಟ್ಕೊಳ್ಳಿ," ಎಂದ ಇಜಾಜ್.

"ನಾನು ಕೂತಿಲ್ವಾ?" ಎಂದಳು ಮರಿಯಮ್ಮ.

"ಅಮ್ಮಾ, ತಪ್ಪು ತಿಳ್ಕೋಬೇಡಿ. ಸ್ಪ್ರಿಂಗು ನಿಮ್ಮನ್ನ ಲೆಕ್ಕಕ್ಕೇ ತಗೊಂಡಿಲ್ಲ."

ಅದು ಹೊಸ ಸಂಗತಿಯಲ್ಲವಾದ್ದರಿಂದ ಮರಿಯಮ್ಮ ಬೇಸರ ಮಾಡಿಕೊಳ್ಳಲಿಲ್ಲ.

ಮೂಡಿಗೆರೆಯವರೆಗೆ ಜವರಯ್ಯ ಸ್ಟೇರಿಂಗನ್ನು ಹೋರಿಯ ಕೊಂಬಿನಂತೆ ಎಡಕ್ಕೆ ಹಿಡಿದೆಳೆದುಕೊಂಡೇ ಬಂದ. ತೋಳು ಸೋತು ಬಿದ್ದಿತ್ತು. ಬಾಳೆಹಣ್ಣು ಕೊಳ್ಳಲೆಂದು ಫಜಲುಲ್ಲಾನ ಅಂಗಡಿ ಮುಂದೆ ನಿಲ್ಲಿಸಿದ್ದೇ ತಡ, ಫಜಲುಲ್ಲಾ ಮೂಟೆಗಳೊಡನೆ ಹೊರಬಂದ.

"ಡಿಕ್ಕಿ ತೆಗಿ. ಸಾಹುಕಾರ್ರ ಚಿಕ್ಕಮಗಳೂರು ಮನೆ ಸಾಮಾನು."

"ಸಾಬ್ರೇ, ಇದು ಅವ್ರ ಕಾರಲ್ಲ. ನಾನು ತಗೊಂಡಿದೀನಿ."

"ಆಯ್ತು ಮಾರಾಯ, ನಿಂದೇ. ಯಾರು ಬೇಡ ಅಂದ್ರು? ಡಿಕ್ಕಿ ತೆಗಿ."

ಡಿಕ್ಕಿ ತುಂಬಿತು. ಉಳಿದ ಮೂಟೆ ಹಿಂದಿನ ಬಲಸೀಟಿಗೆ ಹೋಯಿತು. ಮುಂದಿನ ಸೀಟಿನಲ್ಲಿ ಮೊಟ್ಟೆಯ ಟ್ರೇಗಳು ಕೂತವು. ಕೊನೆಗೆ ಅಂಗಡಿಯ ಒಳಗಿಂದ ಜಯದೇವಪ್ಪನವರೇ ಬಂದರು.

"ಜವರ, ಒಳ್ಳೆ ಹೊತ್ತಿಗೆ ಬಂದೆ. ಹೊಸ ಕಾರು ಏನೋ ಕೆಂಪು ದೀಪ ತೋರಿಸ್ಕೊಂಡು ನಿಂತುಬಿಟ್ಟಿದೆ. ಚಿಕ್ಕಮಗಳೂರಿಗೆ ಬಿಡು, ಮೀಟಿಂಗಿದೆ."

"ಸಾಹುಕಾರ್ರೇ, ನಾವು ವಸ್ತಾರೆಗೆ..."

"ದಾರಿಲೇ ಸಿಗ್ತದಲ್ಲ ವಸ್ತಾರೆ."

ಹಾಗೆಂದವರು ಹಿಂದಿನ ಎಡಬಾಗಿಲ ಬಳಿ ಹೋಗಿ ನಿಂತರು. ಸುಮ್ಮನೆ ನಿಂತರು. ಯೋಚನೆ ಮಾಡುವ ಮೊದಲೇ ಜವರಯ್ಯನ ಕೈ ಆ ಬಾಗಿಲು ತೆಗೆದಿತ್ತು. ಒಳಗೆ ಮರಿಯಮ್ಮ ಕೂತಿದ್ದಳು. ಇಳಿ ಎಂದು ಸಾಹುಕಾರರು ಹೇಳಲಿಲ್ಲ. ಹೇಳುವ ಅಗತ್ಯ ಅವರಿಗೆ ಯಾವತ್ತೂ ಬಿದ್ದಿರಲಿಲ್ಲ.

ಮರಿಯಮ್ಮ ಕೊಡ ಎತ್ತಿಕೊಂಡು ಇಳಿದಳು.

"ಮೊಟ್ಟೆ ಸರಿಸಿದ್ರೆ ಮುಂದೆ..." ಎಂದ ಜವರಯ್ಯ.

"ಮೊಟ್ಟೆ ಒಡೆದಾವು. ನಾನು ಬಸ್ಸಿಗೆ ಬರ್ತೀನಿ, ನೀವು ನಡೀರಿ," ಎಂದು ಅವಳು ಗಂಡನ ಮುಖ ನೋಡದೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಹೊಸ ಸೀರೆಯ ಮೇಲೆ ಬೆಳಗಿನ ಮಡಿಕೆ ಇನ್ನೂ ಮುರಿದಿರಲಿಲ್ಲ.

ಸಾಹುಕಾರರು ಕೂತರು. ಎಡಗಡೆ ಗಾಡಿ ನಿಟ್ಟುಸಿರಿಟ್ಟು ಇಳಿಯಿತು. ಹೊರಟಾಗ ಜವರಯ್ಯ ಅಭ್ಯಾಸಬಲದಿಂದ ಸ್ಟೇರಿಂಗ್ ಎಡಕ್ಕೆ ಎಳೆದು, ಚರಂಡಿಗೆ ಇಳಿಸುವುದರಲ್ಲಿದ್ದ. ಇನ್ನು ಎಳೆಯಬೇಕಾಗಿರಲಿಲ್ಲ. ಕಾರು ದಾರ ಕಟ್ಟಿ ಎಳೆದ ಗೆರೆಯಂತೆ ನೆಟ್ಟಗೆ ಓಡಿತು.

"ನೋಡು, ಬೆಣ್ಣೆ ಹಂಗೆ ಹೋಗ್ತದೆ. ಬೇರೆಯವ್ರಾಗಿದ್ರೆ ಇಂಥ ಕಾರು ನಿಂಗೆ ಕೊಡ್ತಿದ್ರಾ?" ಎಂದರು ಹಿಂದಿನಿಂದ.

"ಇಲ್ಲ ಸಾಹುಕಾರ್ರೇ," ಎಂದ ಜವರಯ್ಯ.

ವಸ್ತಾರೆಯಲ್ಲಿ ಮರಿಯಮ್ಮನ ತಮ್ಮ ಮಲ್ಲೇಶನ ಹೊಸ ಮನೆ ರಸ್ತೆಗೇ ಅಂಟಿಕೊಂಡಿತ್ತು. ಅಕ್ಕ ಕಾರಿನಲ್ಲಿ ಬರುತ್ತಾಳೆಂದು ನೆಂಟರೆಲ್ಲ ಶಾಮಿಯಾನದಿಂದ ಹೊರಬಂದು ಸಾಲಾಗಿ ನಿಂತಿದ್ದರು. ಕಾರು ಕಂಡದ್ದೇ ಮಲ್ಲೇಶ ಕೈ ಅಡ್ಡ ಹಾಕಿದ. ಜನ ತಮಗಾಗಿಯೇ ನಿಂತಿದ್ದಾರೆಂದುಕೊಂಡು ಸಾಹುಕಾರರು ಗಾಜು ಇಳಿಸಿ ಕೈಯೆತ್ತಿದರು. ಕಿಟಕಿಯಲ್ಲಿ ಆ ಮುಖ ನೋಡಿದ ನೆಂಟರ ಬೆನ್ನು ಒಟ್ಟಿಗೇ ಬಾಗಿತು. ಮಲ್ಲೇಶ ಓಡಿಹೋಗಿ ತಾಂಬೂಲದ ತಟ್ಟೆ ತಂದು ಹಿಂದಿನ ಕಿಟಕಿಯಲ್ಲಿ ಒಪ್ಪಿಸಿದ. ಆಮೇಲೆ ಮುಂದಿನ ಕಿಟಕಿಗೆ ಬಂದು ದನಿ ತಗ್ಗಿಸಿದ.

"ಭಾವ, ಅಕ್ಕ ಎಲ್ಲಿ?"

"ಬಸ್ಸಲ್ಲಿ ಬರ್ತಿದಾಳೆ."

"ಬಸ್ಸಲ್ಲಾ? ಸ್ವಂತ ಕಾರು ತಗೊಂಡಿದೀನಿ, ಅದ್ರಲ್ಲೇ ಕರ್ಕೊಂಡ್ಬರ್ತೀನಿ ಅಂದಿದ್ರಲ್ಲ. ಎಲ್ಲಿ ನಿಮ್ಮ ಕಾರು?"

ಜವರಯ್ಯ ಕನ್ನಡಿಯಲ್ಲಿ ನೋಡಿದ. ಸಾಹುಕಾರರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅವರಿಗೂ ಕೇಳಿಸಿತ್ತು.

"ರಿಪೇರಿಗೆ ಬಿಟ್ಟಿದೀನಿ," ಎಂದ ಜವರಯ್ಯ. "ಬಲಕ್ಕೆ ಎಳೀತದೆ."

"ಹೊತ್ತಾಯ್ತು ಜವರ," ಎಂದರು ಹಿಂದಿನಿಂದ.

ಅವನು ಗೇರು ಹಾಕಿದ. ಕಾರು ನೆಟ್ಟಗೆ ಹೋಯಿತು.