ಸಾರಿನ ಎಣ್ಣೆ

ಹೊಸ ಪೆನ್ನನ್ನು ಮೆಟ್ಟಿಲ ಮೇಲಿಟ್ಟು ಮುಖ ತೊಳೆಯಲು ಹೋದದ್ದೇ ಅಫಿಯೊಂಗ್ ಮಾಡಿದ ತಪ್ಪು. ಕಲಬಾರ್ ಪಟ್ಟಣದ ಆ ವಠಾರದಲ್ಲಿ ಮೆಟ್ಟಿಲ ಮೇಲಿಟ್ಟದ್ದು ಊರಿನ ಸ್ವತ್ತು. ವಾಪಸು ಬಂದಾಗ ಪೆನ್ನು ಇರಲಿಲ್ಲ.

ಮೆಟ್ಟಿಲ ಕೆಳಗೂ ಬಗ್ಗಿ ಹುಡುಕಿದಳು. ಮಧ್ಯಾಹ್ನ ನರ್ಸಿಂಗ್ ಶಾಲೆಯ ಪ್ರವೇಶ ಪರೀಕ್ಷೆ. ಎರಡು ಸಲ ಬರೆದು ಎರಡು ಸಲವೂ ಡುಮ್ಕಿ. ಈ ಸಲ ತಪ್ಪಿದರೆ ವಯಸ್ಸು ಮೀರುತ್ತದೆ, ಆಮೇಲೆ ಹೊಳೆದಂಡೆಯ ಸೀಗಡಿ ಗೂಡೇ ಗತಿ ಎಂದು ಚಿಕ್ಕಮ್ಮ ಹೇಳಿಯಾಗಿತ್ತು. ಹೊಗೆಯ ಮುಂದೆ ಕೂತು ಸೀಗಡಿ ಒಣಗಿಸುವ ಆ ಹೆಂಗಸರ ಕಣ್ಣು ವರ್ಷವಿಡೀ ಕೆಂಪು. ಅಫಿಯೊಂಗಳ ಕನಸಿನಲ್ಲಿ ಬಿಳಿ ಸಮವಸ್ತ್ರ ಬಂದಾಗಲೆಲ್ಲ ಅದಕ್ಕೂ ಹೊಗೆ ಹಿಡಿದಿರುತ್ತಿತ್ತು.

"ಯಾರ್ರೀ ನನ್ನ ಪೆನ್ನು ತಗೊಂಡಿದ್ದು?"

"ಕಿರುಚ್ಬೇಡ್ವೇ, ಚರ್ಚಿಗೆ ಹೋಗಿತ್ತು," ಎನ್ನುತ್ತ ಎದುರು ಮನೆಯ ಅಟಿಮಕ್ಕ ಒಳಬಂದಳು. ಬೀದಿಯಲ್ಲಿ ಅಲಸಂದೆ ವಡೆ ಕರಿದು ಮಾರುವವಳು. ಅವಳು ಮುಟ್ಟಿದ್ದೆಲ್ಲ ಹೇಗೂ ಜಿಡ್ಡು. ಅವಳ ಕೈಯಲ್ಲಿದ್ದ ಪೆನ್ನಂತೂ ಈಗಷ್ಟೇ ಬಾಣಲೆಯಿಂದ ಎತ್ತಿದಂತಿತ್ತು. "ಬೇರೆ ಮಕ್ಕಳ ಪೆನ್ನಿಗೆ ಪಾಸ್ಟರ್ ಒಂದು ತೊಟ್ಟು ಎಣ್ಣೆ ಹಾಕಿ ಪ್ರಾರ್ಥನೆ ಮಾಡಿದ್ರು. ನಿಂದನ್ನ ಬಾಟ್ಲಿ ಒಳಗೇ ಮುಳುಗಿಸಿದ್ರು. ಇವಳ ಕೇಸು ಕಷ್ಟದ್ದು ಅಂತ ನಾನೇ ಹೇಳ್ದೆ."

"ಬರೆಯುತ್ತಾ ಅಕ್ಕಾ ಇದು?"

"ನಂಬಿಕೆ ಇದ್ರೆ ಬರೆಯುತ್ತೆ."

ಅಷ್ಟರಲ್ಲಿ ಮೂಲೆಮನೆಯ ಒಕೊಕೊನ್ ಅಜ್ಜ ಬಿಳಿ ನಿಲುವಂಗಿ ತೊಟ್ಟು ಬರಿಗಾಲಲ್ಲಿ ಬಂದ. ಅವನ ಚರ್ಚಿನ ಪಂಗಡದಲ್ಲಿ ಚಪ್ಪಲಿ ನಿಷಿದ್ಧ, ಸುಗಂಧ ಕಡ್ಡಾಯ. ಪೆನ್ನು ಮೂಸಿ ಮುಖ ಸಿಂಡರಿಸಿದ. "ಎಣ್ಣೆ ಚರ್ಮಕ್ಕಮ್ಮಾ, ಆತ್ಮಕ್ಕೆ ನೀರು," ಎಂದವನೇ ಪೆನ್ನಿನ ಕೊಳವೆ ಬಿಚ್ಚಿ ಅತ್ತರು ಬೆರೆಸಿದ ನೀರಿನಲ್ಲಿ ಅದ್ದಿಬಿಟ್ಟ.

ಬೇಡ ಎನ್ನಲು ಅಫಿಯೊಂಗಳಿಗೆ ಧೈರ್ಯ ಬರಲಿಲ್ಲ. ಫೇಲಾದರೆ? ಯಾರನ್ನು ಬೇಡ ಅಂದಿದ್ದಳೋ ಅವರ ದೇವರೇ ಕೈಬಿಟ್ಟ ಅಂತಾಗುತ್ತದೆ. ಪುಸ್ತಕ ಹಿಡಿದು ಕೂತಳು. ಹೃದಯದ ಕವಾಟಗಳು. ಮೂರೆಲೆಯ ಕವಾಟ ಬಲಕ್ಕೋ ಎಡಕ್ಕೋ? ಬೆಳಗಿನಿಂದ ಅದೇ ಸಾಲು ಓದುತ್ತಿದ್ದಳು. ಅವಳದೇ ಹೃದಯ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ, ಎದೆ ತೆರೆದು ನೋಡಿಬಿಡುವುದೇ ಸುಲಭ ಅನ್ನಿಸಿತು.

ಹಾಳೆಯ ಮೇಲೆ ಪೆನ್ನು ಒತ್ತಿದಳು. ಅದು ಕೆಮ್ಮಿ ನೀಲಿ ವಾಂತಿ ಮಾಡಿಕೊಂಡಿತು.

"ಇನ್ನೂ ಬೇಕಿತ್ತಾ?" ಒಳಗಿನಿಂದ ಚಿಕ್ಕಮ್ಮ ಎಕಾನೆಮ್ ಬಂದರು. ಅವರು ಊರಿನ ಹಳೇ ಕಲ್ಲಿನ ಚರ್ಚಿನ ಹಿರಿಯರು. ಅಲ್ಲಿ ಜೋರಾಗಿ ಆಮೆನ್ ಅಂದರೂ ತಿರುಗಿ ನೋಡುತ್ತಾರೆ. "ನಮ್ಮಲ್ಲಿ ಎಣ್ಣೆ ಇರೋದು ಸಾರಿಗೆ. ಪೆನ್ನಿಗಲ್ಲ, ತಲೆಗೂ ಅಲ್ಲ. ಓದಿದ್ರೆ ಪಾಸು, ಇಲ್ಲಾಂದ್ರೆ ಸೀಗಡಿ. ನಡಿ, ಹೊತ್ತಾಯ್ತು."

ಆಟೊದಲ್ಲಿ ಅಫಿಯೊಂಗ್ ಮಧ್ಯೆ, ಅತ್ತ ಇತ್ತ ಚಿಕ್ಕಮ್ಮ ಮತ್ತು ಅಟಿಮಕ್ಕ. ಸಂತೆಯ ಹತ್ತಿರ ಚಿಕ್ಕಮ್ಮ ಇಳಿದು ಒಂದು ದೊಡ್ಡ ಬಾಟಲಿ ಕೆಂಪು ತಾಳೆಎಣ್ಣೆ ಕೊಂಡರು. "ಪಾಸಾದ್ರೂ ಫೇಲಾದ್ರೂ ರಾತ್ರಿ ಸೊಪ್ಪಿನ ಸಾರು ಆಗ್ಬೇಕಲ್ಲ." ಅಷ್ಟು ತಣ್ಣಗೆ ಅಂದದ್ದು ಕೇಳಿ ಅಫಿಯೊಂಗಳಿಗೆ ಇನ್ನಷ್ಟು ದಿಗಿಲಾಯಿತು.

ಶಾಲೆಯ ಗೇಟಿನಲ್ಲಿ ಜಾತ್ರೆ. ಒಬ್ಬೊಬ್ಬ ಹುಡುಗಿಯ ಹಿಂದೆ ಅರ್ಧ ವಠಾರ. ಕಾವಲುಗಾರ ಕೂಗಿದ: "ಪೆನ್ನು, ಫೋನು, ಚೀಲ ಎಲ್ಲ ಹೊರಗೆ! ಒಳಗೆ ಪೆನ್ಸಿಲ್ ನಾವೇ ಕೊಡ್ತೀವಿ. ಉತ್ತರ ನೋಡೋದು ಯಂತ್ರ!"

"ಪೆನ್ನಿಲ್ದೆ ಎಂಥ ಪರೀಕ್ಷೆ?" ಅಟಿಮಕ್ಕ ತಲೆ ಮೇಲೆ ಕೈ ಹೊತ್ತಳು. "ಅಭಿಷೇಕ ಎಲ್ಲಾ ಅದರೊಳಗೇ ಇದೆಯಲ್ಲಪ್ಪಾ!"

"ಅದನ್ನ ನೀನೇ ಇಟ್ಕೋ ತಾಯೀ, ವಡೆ ಲೆಕ್ಕ ಬರಿ," ಎಂದರು ಚಿಕ್ಕಮ್ಮ.

ಪೀಡೆ ತೊಲಗಿತು ಎಂದು ಅಫಿಯೊಂಗ್ ಉಸಿರು ಬಿಟ್ಟಳು. ಮರುಕ್ಷಣವೇ ಹೊಳೆಯಿತು: ಪೆನ್ನೂ ಇಲ್ಲ, ಆಶೀರ್ವಾದವೂ ಇಲ್ಲ. ಉಳಿದದ್ದು ಅವಳ ತಲೆ ಮಾತ್ರ. ಆ ತಲೆ ಒಗೆದು ಹರವಿದ ಬಟ್ಟೆಯಂತೆ ಖಾಲಿ.

"ಚಿಕ್ಕಮ್ಮಾ, ಏನೂ ನೆನಪಾಗ್ತಿಲ್ಲ. ಮೂರೆಲೆ ಎಲ್ಲಿರೋದು?"

ಎಕಾನೆಮ್ ಅವಳನ್ನೇ ನೋಡಿದರು. ತಾಯಿಯಿಲ್ಲದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಸಾಕಿದ ಹೆಂಗಸು. ಅವರ ಗದ್ದ ಅದುರುತ್ತಿದ್ದುದನ್ನು ಅಫಿಯೊಂಗ್ ಅವತ್ತೇ ಮೊದಲು ಕಂಡದ್ದು. ಚಿಕ್ಕಮ್ಮ ಅತ್ತಿತ್ತ ನೋಡಿ, ಚೀಲದಿಂದ ಬಾಟಲಿ ತೆಗೆದು ಮುಚ್ಚಳ ತಿರುವಿದರು.

"ಕೈ ತೋರ್ಸು."

"ಅದು ಸಾರಿನ ಎಣ್ಣೆ ಅಲ್ವಾ..."

"ಕೈ ತೋರ್ಸು ಅಂದೆ!"

ಎರಡೂ ಅಂಗೈಗೆ ಕೆಂಪಗೆ ಸುರಿದು, ಬೆರಳ ಸಂದಿಗೂ ತಿಕ್ಕಿ, ಬಾಯೊಳಗೇ ಏನೋ ಪ್ರಾರ್ಥಿಸಿದರು. ಅಷ್ಟೇ ಸಾಕಾಯಿತು. "ಕಲ್ಲಿನ ಚರ್ಚಿನ ಎಕಾನೆಮ್ಮೇ ಎಣ್ಣೆ ಹಾಕ್ತಿದ್ದಾರೆ ಅಂದ್ರೆ ಏನೋ ಇದೆ!" ಎಂದಳು ಒಬ್ಬಳು. ತಾಯಂದಿರು ಮುಗಿಬಿದ್ದರು. "ನಮ್ಮ ಹುಡುಗೀಗೂ ಒಂಚೂರು!" "ತಳ್ಬೇಡಿ, ಎಲ್ರಿಗೂ ಇದೆ!" ಎನ್ನುತ್ತ ಅಟಿಮಕ್ಕ ಸಾಲು ಸರಿಪಡಿಸಿದಳು. ಬಾಟಲಿ ಬರಿದಾಯಿತು.

ಅಂಗಳದೊಳಗೆ ನಲ್ಲಿ ಇತ್ತು. ಅಫಿಯೊಂಗ್ ಅದರ ಮುಂದೆ ನಿಂತಳು. ತೊಳೆದುಬಿಡಲೇ? ಚಿಕ್ಕಮ್ಮ ಹುಟ್ಟಿದಾಗಿನಿಂದ ಮಾಡಿದ ಒಂದೇ ಒಂದು ಅಭಿಷೇಕ. ಅದನ್ನೇ ಚರಂಡಿಗೆ ಬಿಟ್ಟು ಫೇಲಾದರೆ? ಹಿಂದೆ ತಿರುಗಿದರೆ ಕೆಂಪು ಕೈಗಳ ಸಾಲು. ಎಲ್ಲರ ಕಣ್ಣೂ ನಲ್ಲಿಯ ಮೇಲೆ. ತಿರುಗಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಹಾಳೆ ಕೈಗೆ ಬಂತು. ಮೊದಲ ಪ್ರಶ್ನೆಯೇ ಮೂರೆಲೆಯ ಕವಾಟ. ಬಲಕ್ಕೆ! ಮಂಜು ಸರಿದಂತೆ ಎಲ್ಲ ತಿಳಿಯಾಯಿತು. ಜಾರುವ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಉತ್ತರದ ಸೊನ್ನೆಗಳನ್ನು ಒಂದಾದ ಮೇಲೊಂದು ತುಂಬಿದಳು. ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಹೊರಬಂದವಳು ಚಿಕ್ಕಮ್ಮನನ್ನು ತಬ್ಬಿಕೊಂಡು ಅತ್ತಳು. "ಎಲ್ಲಾ ಬಂತು ಚಿಕ್ಕಮ್ಮಾ!"

"ಎಣ್ಣೆ!" ಎಂದಳು ಅಟಿಮಕ್ಕ. ಚಿಕ್ಕಮ್ಮ ಖಾಲಿ ಬಾಟಲಿಯನ್ನು ಎದೆಗೆ ಅವುಚಿಕೊಂಡರು.

ಫಲಿತಾಂಶ ಸಂಜೆಗೇ ಎಂದಿದ್ದರು. ಎಲ್ಲರೂ ಗೇಟಿನಲ್ಲೇ ಕಾದರು. ಫಲಿತಾಂಶಕ್ಕೆ ಮೊದಲು ಬಂದದ್ದು ವಾಸನೆ. ಕಚೇರಿಯ ಕಿಟಕಿಯಿಂದ ಬಿಸಿ ತಾಳೆಎಣ್ಣೆಯ ಘಮ. ಒಳಗೆ ಯಾರೋ ಸಾರಿಗೆ ಒಗ್ಗರಣೆ ಇಟ್ಟಂತೆ. ಆಮೇಲೆ ಪ್ರಾಂಶುಪಾಲರು ಹೊರಬಂದರು. ಅವರ ಕೈಯಲ್ಲಿ ಒಂದಕ್ಕೊಂದು ಅಂಟಿದ ಉತ್ತರ ಹಾಳೆಗಳ ಮುದ್ದೆ, ಕೆಂಪಗೆ, ಎಣ್ಣೆ ಹೀರಿ ಆಚೆಯದು ಈಚೆ ಕಾಣುವಂತೆ.

"ಯಂತ್ರ ಕೆಟ್ಟಿದೆ," ಎಂದರು. "ಒಂದು ಹಾಳೇನೂ ಓದೋಕೆ ಬರಲ್ಲ. ಪರೀಕ್ಷೆ ರದ್ದು. ಮುಂದಿನ ಶನಿವಾರ ಹೊಸ ಪ್ರಶ್ನೆಗಳು. ಕೈ ತೊಳ್ಕೊಂಡು, ನಿಮ್ಮ ನಿಮ್ಮ ಪೆನ್ಸಿಲ್ ತಗೊಂಡು ಬನ್ನಿ."

ಅಫಿಯೊಂಗಳ ಎದೆಯಲ್ಲಿ ಮೂರೆಲೆ ಎರಡೆಲೆ ಕವಾಟಗಳೆಲ್ಲ ಒಟ್ಟಿಗೆ ಮುಚ್ಚಿಕೊಂಡವು. ಹೊಸ ಪ್ರಶ್ನೆಗಳು! ಚಿಕ್ಕಮ್ಮ ಖಾಲಿ ಬಾಟಲಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. "ಒರೆಸ್ಕೊಂಡು ಹೋಗೋಕೆ ನಿನಗೇನಾಗಿತ್ತು?" ಎಂದು ಗದರಿದರು. ದನಿಯಲ್ಲಿ ಜೋರಿರಲಿಲ್ಲ.

ಅಟಿಮಕ್ಕ ಮಾತ್ರ ಆಗಲೇ ಅವಳ ತೋಳು ಹಿಡಿದಿದ್ದಳು.

"ಪೆನ್ಸಿಲ್ ಅಂದ್ರೆ ಮರ ಅಲ್ವೇನೇ? ಒಳ್ಳೇದಾಯ್ತು ಬಿಡು. ಮರ ಎಣ್ಣೆ ಚೆನ್ನಾಗಿ ಕುಡಿಯುತ್ತೆ. ಇವತ್ತೇ ನೆನೆಹಾಕೋಣ."