ಒಂದು ಜಗ್ಗಿನ ಜಗಳ

ಆ ಪಾನೀಯಗಳ ಪಟ್ಟಿಯನ್ನು ಮ್ಯಾನೇಜರು ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಸೀದಾ ತಂದು ಆಯ್ತಪ್ಪನ ಕೈಗೆ ತುರುಕಿದರು.

"ಊಟದ ಜೊತೆ ಎಲ್ಲರಿಗೂ ಸೇರಿ ಒಂದು ಜಗ್ ಕೊಡ್ತಾರಂತೆ, ಒಂದೇ ಥರದ್ದು. ಎಲ್ಲರನ್ನೂ ಕೇಳಿ ನೀವೇ ಆರಿಸಿಬಿಡಿ. ಕೇಳೋದು ನಿಮಗೆ ಅಭ್ಯಾಸ ಅಲ್ವಾ?"

ಅಭ್ಯಾಸವಂತೆ ಅಭ್ಯಾಸ! ಫ್ಯಾನು, ಇಸ್ತ್ರಿಪೆಟ್ಟಿಗೆ ಮಾರುವ ಕಂಪನಿಯ ದೂರು ಕೇಳುವ ಕೌಂಟರಿನಲ್ಲಿ ಕೂತು ಅವನು ಒಂಬತ್ತು ವರ್ಷದಿಂದ ಕಂಡಕಂಡವರ ಬೈಗುಳ ತಿನ್ನುತ್ತಿದ್ದ. ಯಾರು ಏನೇ ಉಗಿದರೂ 'ಆಯ್ತು' ಎಂದು ಬರೆದುಕೊಳ್ಳುತ್ತಿದ್ದುದಕ್ಕೇ ಆಫೀಸಿನವರು ಆ ಹೆಸರು ಕಟ್ಟಿದ್ದು. ಗೋದಾಮಿಗೆ ವರ್ಗ ಮಾಡಿ ಎಂದು ಅರ್ಜಿ ಹಾಕಿದ್ದ. ಅಲ್ಲಿ ಬರೀ ಪೆಟ್ಟಿಗೆಗಳು, ಪೆಟ್ಟಿಗೆಗಳು ಬೈಯುವುದಿಲ್ಲ. ಇವತ್ತು ಹೇಳುತ್ತೇನೆ ಎಂದಿದ್ದರು ಮ್ಯಾನೇಜರು. ಈ ಮೆಕ್ಸಿಕನ್ ಹೋಟೆಲಿನಲ್ಲಿ ಆಫೀಸಿನವರ ಜೊತೆ ಒಂದು ಗಂಟೆ ಹಲ್ಲುಕಚ್ಚಿಕೊಂಡು ಕೂತರೆ ಸಾಕಿತ್ತು.

ಜೇಬಿನಿಂದ ಪುಸ್ತಕ, ಪೆನ್ನು ತೆಗೆದ.

"ಮಾರ್ಗರಿಟಾ, ಆ ನಿಂಬೆಹುಳಿ ಡ್ರಿಂಕ್ಸು, ಅದು ಹೇಳಪ್ಪ," ಎಂದ ರಿಪೇರಿ ಮೇಸ್ತ್ರಿ.

"ಆಯ್ತು."

"ಏನಾಯ್ತು? ಲೋಟದ ಬಾಯಿಗೆಲ್ಲ ಉಪ್ಪು ಮೆತ್ತಿರ್ತಾರೆ. ನನಗೆ ಬಿಪಿ ಇರೋದು ಗೊತ್ತಿದ್ದೂ ಗೊತ್ತಿದ್ದೂ..." ಟೈಪಿಸ್ಟಮ್ಮ ಹರಿಹಾಯ್ದರು. "ವೈನಿಗೆ ಹಣ್ಣು ಹಾಕಿ ಕೊಡ್ತಾರಲ್ಲ, ಸಾಂಗ್ರಿಯಾ, ಅದನ್ನ ಬರ್ಕೊಳ್ಳಿ."

"ಆಯ್ತು."

"ಹಣ್ಣು ತಿನ್ನೋಕೆ ಇಲ್ಲಿವರೆಗೂ ಬರ್ಬೇಕಿತ್ತೇನ್ರೀ?" ಕ್ಯಾಷಿಯರ್ ಮುಖ ಗಂಟಿಕ್ಕಿದ. "ಸುಮ್ಮನೆ ರೆಡ್ ವೈನ್ ತರಿಸಿ."

"ಈ ಖಾರಕ್ಕೆ ರೆಡ್ ವೈನಾ? ನಾಲಿಗೆ ಇದೆಯೋ ಇಲ್ವೋ ನಿಂಗೆ?" ಎಂದ ಮೇಸ್ತ್ರಿ.

ಆಯ್ತಪ್ಪ ಹೊಡೆದು ಹಾಕಿದ, ಬರೆದ, ಮತ್ತೆ ಹೊಡೆದು ಹಾಕಿದ. ಸಾಲದ್ದಕ್ಕೆ ಪಕ್ಕದ ಮೇಜಿನ ಯಾವನೋ ಅಪರಿಚಿತ ಕತ್ತು ಚಾಚಿ, "ನನ್ನ ಮಾತು ಕೇಳಿ ಸಾರ್, ಬಿಯರಿಗೆ ಟೊಮೆಟೊ ರಸ, ಮೆಣಸಿನಪುಡಿ ಹಾಕಿ ಕೊಡ್ತಾರೆ, ಅದು ಹೇಳಿ," ಎಂದ. ಇವನನ್ನು ಕರೆದವರು ಯಾರು?

ಪಕ್ಕದಲ್ಲೇ ಕಾದು ನಿಂತಿದ್ದ ವೇಟರ್ ಮುಖ ಸಿಂಡರಿಸಿದ. "ಸಾರ್, ನಾಲ್ಕನೇ ಸಲ ಬದಲಾಯಿಸ್ತಿದ್ದೀರ. ಮೊದಲು ನೀವು ನೀವು ಮಾತಾಡ್ಕೊಳ್ಳಿ."

"ಒಂದು ಜಗ್ ಆರಿಸೋಕೂ ಬರಲ್ವಲ್ಲ ಇವರಿಗೆ!" ಎಂದರು ಟೈಪಿಸ್ಟಮ್ಮ. ಮೇಸ್ತ್ರಿ ನಕ್ಕ, ಕ್ಯಾಷಿಯರ್ ನಕ್ಕ, ಆ ಅಪರಿಚಿತನೂ ನಕ್ಕ. ಮ್ಯಾನೇಜರು ಮಾತ್ರ ಜೋಳದ ಚಿಪ್ಸ್ ಕಡಿಯುತ್ತ ನೋಡುತ್ತಿದ್ದರು.

ಆಯ್ತಪ್ಪನ ಪಿತ್ತ ನೆತ್ತಿಗೇರಿತು. ಪುಸ್ತಕವನ್ನು ಮೇಜಿನ ಮೇಲೆ ರಪ್ಪನೆ ಬಡಿದ.

"ಮುಚ್ರೀ ಬಾಯಿ ಎಲ್ರೂ! ಒಬ್ಬರಿಗೆ ಉಪ್ಪಾಗಲ್ಲ, ಒಬ್ಬರಿಗೆ ಹಣ್ಣಾಗಲ್ಲ! ನಾನೇನು ನಿಮ್ಮ ಮನೆ ಜೀತದಾಳಾ? ಮಾರ್ಗರಿಟಾ ಬರುತ್ತೆ, ಉಪ್ಪಿಲ್ಲದೆ ಬರುತ್ತೆ! ಕುಡಿಯೋರು ಕುಡೀರಿ, ಇಲ್ದಿದ್ರೆ ನೀರು ಕುಡ್ಕೊಂಡು ಬಿದ್ದಿರಿ!" ಪಕ್ಕದ ಮೇಜಿಗೆ ತಿರುಗಿದ. "ನೀನು ನಿನ್ನ ತಟ್ಟೆ ನೋಡ್ಕೊಳಯ್ಯಾ!"

ಅಪರಿಚಿತ ತಟ್ಟೆ ನೋಡಿಕೊಂಡ. ವೇಟರ್ ಓಡಿದ. ಜಗ್ ಬಂತು. ಎಲ್ಲರೂ ತಲೆ ತಗ್ಗಿಸಿಕೊಂಡು ಕುಡಿದರು. "ಚೆನ್ನಾಗೇ ಇದೆ," ಎಂದರು ಟೈಪಿಸ್ಟಮ್ಮ ಮೆಲ್ಲಗೆ.

ಆಯ್ತಪ್ಪನಿಗೆ ಆಗ ಜೀವವೇ ಹಾರಿಹೋದಂತಾಯಿತು. ಮ್ಯಾನೇಜರ ಎದುರಿಗೇ ಕೂಗಾಡಿಬಿಟ್ಟೆನಲ್ಲ! ಅವರೋ ಎದ್ದು ಬಂದು ಬೆನ್ನು ತಟ್ಟಿದರು.

"ಶಭಾಷ್!" ಎನ್ನುತ್ತ ಚೀಲದಿಂದ ಒಂದು ಕಾಗದ ತೆಗೆದರು. "ನಿಮ್ಮ ಗೋದಾಮಿನ ಆರ್ಡರು. ಬೆಳಿಗ್ಗೇನೇ ಸಹಿ ಹಾಕಿದ್ದೆ. ಊಟ ಆದ್ಮೇಲೆ ಕೊಡೋಣ ಅಂತಿದ್ದೆ."

ಆಯ್ತಪ್ಪ ಎರಡೂ ಕೈ ಚಾಚಿದ. ಮ್ಯಾನೇಜರು ಕಾಗದವನ್ನು ಪರಪರ ಹರಿದು ಚಿಪ್ಸ್ ತಟ್ಟೆಗೆ ಹಾಕಿದರು.

"ಬಾಯಿಲ್ಲದ ಮನುಷ್ಯ, ಕೌಂಟರಿಗೆ ಲಾಯಕ್ಕಿಲ್ಲ, ಪಾಪ ಗೋದಾಮಿಗಾದ್ರೂ ಹೋಗ್ಲಿ ಅಂತ ಬರೆದಿದ್ದೆ ಕಣ್ರೀ. ಇಂಥ ಬಾಯಿ ಇಟ್ಕೊಂಡು ಪೆಟ್ಟಿಗೆ ಮಧ್ಯೆ ಕೂತ್ಕೋತೀರಾ? ರಿಟೈರ್ ಆಗೋವರೆಗೂ ಕೌಂಟರ್ ನಿಮ್ಮದೇ!"

ಎಲ್ಲರೂ ಚಪ್ಪಾಳೆ ತಟ್ಟಿದರು.